ಚಾರ್ಜ್ ಅಂದರೆ ಏನು? ಪದೇ ಪದೇ ಕೇಳುವ ಪ್ರಶ್ನೆಗಳು

ಇಂಗ್ಲಿಷಿನಿಂದ ಕನ್ನಡಕ್ಕೆ ಅನುವಾದ ಮಾಡಿ ಹೊಟ್ಟೆ ಹೊರೆಯುವವನು ನಾನು. ಒಂದು ದಿನ ಕೋರ್ಟಿನ ಕಾಗದ, ಮರುದಿನ ಮಿಕ್ಸಿಯ ಕೈಪಿಡಿ, ಅದರ ಮರುದಿನ ಬ್ಯಾಂಕಿನ ಅರ್ಜಿ. ಮೂರರಲ್ಲೂ ತಪ್ಪದೆ ಎದುರಾಗುವ ಪದ ಒಂದಿದೆ: ಚಾರ್ಜ್. ಮೂರು ಕಡೆಯೂ ಅರ್ಥ ಬೇರೆ. ಈ ಪದದ ಬಗ್ಗೆ ಸ್ನೇಹಿತರು, ವಿದ್ಯಾರ್ಥಿಗಳು, ಮನೆಯವರು ಕೇಳುತ್ತಲೇ ಇರುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಪ್ರಶ್ನೆಗಳನ್ನು ಅವರು ಕೇಳಿದ ಹಾಗೇ ಬಿಟ್ಟಿದ್ದೇನೆ.

## ಶುರುವಿನ ಪ್ರಶ್ನೆಗಳು

ಫೋನಿಗೂ ಚಾರ್ಜ್, ಬಸ್ಸಿಗೂ ಚಾರ್ಜ್, ಪೊಲೀಸರದ್ದೂ ಚಾರ್ಜ್. ಇದೆಲ್ಲ ಒಂದೇ ಪದಾನಾ?

ಒಂದೇ ಪದ. ಬೇರು ಹುಡುಕಿಕೊಂಡು ಹೋದರೆ ಒಂದು ಗಾಡಿ ಸಿಗುತ್ತದೆ. ಗಾಡಿಗೆ ಲ್ಯಾಟಿನಿನಲ್ಲಿ ‘ಕಾರಸ್’ ಎನ್ನುತ್ತಿದ್ದರು. ಅದನ್ನೂ ರೋಮನ್ನರು ಗಾಲ್ ಪ್ರಾಂತ್ಯದ (ಈಗಿನ ಫ್ರಾನ್ಸಿನ ಕಡೆ) ಕೆಲ್ಟ್ ಜನರಿಂದ ತೆಗೆದುಕೊಂಡಿದ್ದರು. ಗಾಡಿಗೆ ಸರಕು ತುಂಬುವುದು ‘ಕಾರಿಕಾರೆ’. ಅದು ಹಳೆಯ ಫ್ರೆಂಚಿಗೆ ಹೋಗಿ, ಅಲ್ಲಿಂದ 1200ರ ಸುಮಾರಿಗೆ ಇಂಗ್ಲಿಷಿಗೆ ಬಂತು. ಆಗ ಚಾರ್ಜ್ ಅಂದರೆ ಹೊರೆ, ಅಷ್ಟೇ.

ಆ ಹೊರೆಯನ್ನು ಯಾವುದರ ಮೇಲೆ ಇಡುತ್ತೀರಿ ಅನ್ನುವುದರ ಮೇಲೆ ಅರ್ಥ ಬದಲಾಗುತ್ತಾ ಹೋಯಿತು. ಮನುಷ್ಯನ ಹೆಗಲ ಮೇಲೆ ಕೆಲಸ ಇಟ್ಟರೆ ಜವಾಬ್ದಾರಿ. ತಪ್ಪು ಇಟ್ಟರೆ ಆರೋಪ. ಜೇಬಿನ ಮೇಲೆ ಇಟ್ಟರೆ ಶುಲ್ಕ. ಬಂದೂಕಿಗೆ ತುಂಬಿದರೆ ಮದ್ದು. ಕಾರು, ಕಾರ್ಗೋ, ಕ್ಯಾರಿ ಈ ಮೂರೂ ಅದೇ ಬೇರಿನ ಮಕ್ಕಳು. ವ್ಯಂಗ್ಯಚಿತ್ರಕ್ಕೆ ಹೇಳುವ ಕ್ಯಾರಿಕೇಚರ್ ಕೂಡ ಅದೇ ಮನೆಯದು: ಮೂಗಿನ ಮೇಲೆ ಇರಬೇಕಾದ್ದಕ್ಕಿಂತ ಜಾಸ್ತಿ ‘ಭಾರ’ ಹಾಕಿ ಬರೆದ ಚಿತ್ರ!

ಹಾಗಾದರೆ ಕನ್ನಡದಲ್ಲಿ ಇದಕ್ಕೆ ಸರಿಯಾದ ಒಂದು ಪದ ಹೇಳಿ ಸಾರ್.

ಇಲ್ಲ. ಒಂದೇ ಪದ ಬೇಕು ಅಂತ ಹಟ ಹಿಡಿದರೆ ಏನಾಗುತ್ತದೆ ಅಂತ ನನ್ನ ಡ್ರಾಯರಿನಲ್ಲಿರುವ ಒಂದು ಚೀಟಿ ಹೇಳುತ್ತದೆ. ಅಗ್ಗದ ಟಾರ್ಚ್ ಒಂದರ ಜೊತೆ ಬಂದದ್ದು. ‘ಮೊದಲ ಬಳಕೆಗೆ ಮುನ್ನ 8 ಗಂಟೆ ಶುಲ್ಕ ವಿಧಿಸಿ. ಶುಲ್ಕ ವಿಧಿಸುವಾಗ ಕೆಂಪು ದೀಪ ಉರಿಯುವುದು.’ ಯಂತ್ರದ ಅನುವಾದ ಇರಬೇಕು. ಟಾರ್ಚಿಗೆ ಎಂಟು ಗಂಟೆ ಶುಲ್ಕ ವಿಧಿಸಿದರೆ ಅದು ಎಲ್ಲಿಂದ ಕಟ್ಟಬೇಕು ಪಾಪ.

ಆದರೆ ಒಂದೇ ಪದ ಇಲ್ಲದಿದ್ದರೂ ಆ ಯೋಚನೆ ನಮ್ಮಲ್ಲಿ ಇದೆ. ನೋಡಿ: ಆರೋಪವನ್ನು ನಾವು *ಹೊರಿಸುತ್ತೇವೆ*. ಹೊಣೆಯನ್ನು *ಹೊರುತ್ತೇವೆ*. ತೆರಿಗೆಯನ್ನು *ಹೇರುತ್ತೇವೆ*. ಹೇರು ಅಂದರೆ ಎತ್ತಿನ ಬೆನ್ನಿಗೆ ಹಾಕುವ ಹೊರೆ. ಸಂಸ್ಕೃತದಿಂದ ಬಂದ ‘ಆರೋಪ’ಕ್ಕೂ ಮೂಲದಲ್ಲಿ ‘ಮೇಲೆ ಏರಿಸು’ ಅಂತಲೇ ಅರ್ಥ. ಆರೋಹಣ, ವೃಕ್ಷಾರೋಪಣ ಎಲ್ಲ ಅದೇ ಧಾತುವಿನವು. ಅವರ ಗಾಡಿ, ನಮ್ಮ ಎತ್ತು. ಎರಡೂ ಭಾಷೆ ಬೇರೆ ಬೇರೆ ಊರಿಂದ ಹೊರಟು ಒಂದೇ ಸಂತೆಗೆ ಬಂದಿವೆ.

ಅದಕ್ಕೇ ನನ್ನ ರೂಢಿ ಇದು: ಚಾರ್ಜ್ ಕಂಡಾಗ ಮೊದಲು ‘ಇಲ್ಲಿ ಹೊರೆ ಯಾವುದು, ಹೊರುವವರು ಯಾರು’ ಅಂತ ಕೇಳಿಕೊಳ್ಳುತ್ತೇನೆ. ಮುಕ್ಕಾಲು ಪಾಲು ಸಲ ಕನ್ನಡ ಪದ ತಾನಾಗಿ ಬರುತ್ತದೆ.

ಬಸ್ ಚಾರ್ಜ್ ಅಂದರೆ ಮಗಳು ನಗ್ತಾಳೆ, ಫೇರ್ ಅನ್ನಬೇಕಂತೆ. ನಾನು ಹೇಳೋದು ತಪ್ಪಾ?

ಇಂಗ್ಲಿಷ್ ಮಾತಾಡುವಾಗ ಮಗಳು ಸರಿ. ಪ್ರಯಾಣದ ದುಡ್ಡಿಗೆ ಅಲ್ಲಿ ಫೇರ್ ಅನ್ನುವುದೇ ವಾಡಿಕೆ. ಕನ್ನಡ ಮಾತಾಡುವಾಗ ನೀವು ಸರಿ. ‘ಬಸ್ ಚಾರ್ಜ್’ ಈಗ ಕನ್ನಡದ ಮಾತು. 2025ರ ಜನವರಿ 5ರಿಂದ ಸರ್ಕಾರಿ ಬಸ್ಸಿನ ದರ ಶೇ. 15 ಏರಿದಾಗ ಪೇಪರಿನವರು ‘ಪ್ರಯಾಣ ದರ ಏರಿಕೆ’ ಅಂತ ಬರೆದರು. ನಿಲ್ದಾಣದಲ್ಲಿ ನಿಂತವರೆಲ್ಲ ಅಂದದ್ದು ‘ಚಾರ್ಜ್ ಜಾಸ್ತಿ ಮಾಡಿದ್ದಾರೆ’ ಅಂತಲೇ.

ಹೋಟೆಲ್ ಬಿಲ್ಲಿನಲ್ಲಿ ಸರ್ವಿಸ್ ಚಾರ್ಜ್ ಹಾಕಿರ್ತಾರೆ. ಅದೂ ಟ್ಯಾಕ್ಸಾ? ಕೊಡಲೇಬೇಕಾ?

ಟ್ಯಾಕ್ಸ್ ಅಲ್ಲ. ಟ್ಯಾಕ್ಸ್ ಸರ್ಕಾರಕ್ಕೆ ಹೋಗುತ್ತದೆ, ಸರ್ವಿಸ್ ಚಾರ್ಜ್ ಹೋಟೆಲಿನವರಿಗೇ ಉಳಿಯುತ್ತದೆ. ಬಿಲ್ಲಿನಲ್ಲಿ ಎರಡೂ ಅಕ್ಕಪಕ್ಕ ಕೂತಿರುವುದರಿಂದ ಜನ ಮೋಸ ಹೋಗುತ್ತಾರೆ. ಬಿಲ್ಲಿಗೆ ಇದನ್ನು ತಾನಾಗಿ ಸೇರಿಸಬಾರದು ಅಂತ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲಿ ಮಾರ್ಗಸೂಚಿ ಹೊರಡಿಸಿತು. ದೆಹಲಿ ಹೈಕೋರ್ಟ್ 2025ರ ಮಾರ್ಚಿನಲ್ಲಿ ಅದನ್ನು ಎತ್ತಿಹಿಡಿಯಿತು. ಬೇಡ ಅಂದರೆ ತೆಗೆಯಬೇಕು. ತೆಗೆಯದಿದ್ದರೆ ಗ್ರಾಹಕ ಸಹಾಯವಾಣಿ 1915 ಇದೆ. ಊಟ ಚೆನ್ನಾಗಿ ಬಡಿಸಿದವರ ಕೈಗೆ ಸುಮ್ನೆ ಐವತ್ತು ರೂಪಾಯಿ ಕೊಡುವುದು ನನಗಂತೂ ಇದಕ್ಕಿಂತ ಇಷ್ಟ.

ಕರೆಂಟ್ ಬಿಲ್ಲಿನಲ್ಲಿ ಫಿಕ್ಸೆಡ್ ಚಾರ್ಜ್ ಯಾಕೆ? ತಿಂಗಳೆಲ್ಲ ಮನೆ ಬೀಗ ಹಾಕಿತ್ತು.

ನೀವು ಬಳಸಿದ ಯೂನಿಟ್ಟಿಗೆ ಬೀಳುವುದು ಒಂದು ಲೆಕ್ಕ. ನಿಮ್ಮ ಮನೆಗೆ ಇಷ್ಟು ಕಿಲೋವ್ಯಾಟ್ ಬೇಕಾದಾಗ ಕೊಡುತ್ತೇವೆ ಅಂತ ತಂತಿ, ಟ್ರಾನ್ಸ್‌ಫಾರ್ಮರ್ ಸಿದ್ಧ ಇಟ್ಟಿರುವುದಕ್ಕೆ ಬೀಳುವುದು ಇನ್ನೊಂದು. ಅದೇ ಫಿಕ್ಸೆಡ್ ಚಾರ್ಜ್. ಬಿಲ್ಲಿನಲ್ಲಿ ‘ಮಂಜೂರಾದ ಲೋಡ್’ ಅಂತ ಇರುತ್ತದಲ್ಲ, ಅದಕ್ಕೆ ತಕ್ಕ ಹಾಗೆ ಇದು ನಿಗದಿಯಾಗುತ್ತದೆ. ಲೋಡ್ ಅಂದರೂ ಹೊರೆಯೇ, ಚಾರ್ಜ್ ಅಂದರೂ ಹೊರೆಯೇ. ಒಂದೇ ಬಿಲ್ಲಿನಲ್ಲಿ ಎರಡು ಸಲ.

## ಆಫೀಸು, ಠಾಣೆ, ಕೋರ್ಟು

ಇನ್‌ಚಾರ್ಜ್, ಪ್ರಭಾರ, ಉಸ್ತುವಾರಿ: ಮೂರೂ ಒಂದೇನಾ?

ಹತ್ತಿರ ಹತ್ತಿರ, ಆದರೆ ಒಂದೇ ಅಲ್ಲ. ಮುಖ್ಯ ಮೇಷ್ಟ್ರು ನಿವೃತ್ತರಾಗಿ, ಹೊಸಬರು ಬರುವವರೆಗೆ ಹಿರಿಯ ಮೇಷ್ಟ್ರೊಬ್ಬರು ಆ ಕುರ್ಚಿ ನೋಡಿಕೊಂಡರೆ ಅವರು ‘ಪ್ರಭಾರ ಮುಖ್ಯೋಪಾಧ್ಯಾಯರು’. ತಾತ್ಕಾಲಿಕ ಅನ್ನುವ ವಾಸನೆ ಅದರಲ್ಲಿದೆ. ಉಸ್ತುವಾರಿಯಲ್ಲಿ ಮೇಲ್ವಿಚಾರಣೆಯ ಅರ್ಥ. ಜಿಲ್ಲಾ ಉಸ್ತುವಾರಿ ಸಚಿವರು ಜಿಲ್ಲಾಧಿಕಾರಿಯ ಕುರ್ಚಿಯಲ್ಲಿ ಕೂರುವುದಿಲ್ಲ, ಜಿಲ್ಲೆಯ ಕೆಲಸ ನೋಡಿಕೊಳ್ಳುತ್ತಾರೆ. ಇನ್ನು ‘ಚಾರ್ಜ್ ತಗೊಂಡರು’ ಅಂದರೆ ಅಧಿಕಾರ ವಹಿಸಿಕೊಂಡರು ಅಂತ. ಪ್ರಭಾರದ ಒಳಗೆ ಭಾರ ಇದೆ, ಗಮನಿಸಿದಿರಾ? ಕುರ್ಚಿ ಹಗುರ ಅಂತ ಯಾವ ಭಾಷೆಯೂ ಹೇಳುವುದಿಲ್ಲ.

ಚಾರ್ಜ್‌ಶೀಟ್ ಹಾಕಿದರು ಅಂದರೆ ಆ ಮನುಷ್ಯ ತಪ್ಪಿತಸ್ಥ ಅಂತ ಅಲ್ವಾ?

ಅಲ್ಲವೇ ಅಲ್ಲ. ಇದು ನಾನು ಅತಿ ಹೆಚ್ಚು ಕೇಳುವ ತಪ್ಪು ತಿಳಿವಳಿಕೆ.

ಮೊದಲು ಎಫ್‌ಐಆರ್. ಆಮೇಲೆ ತನಿಖೆ. ತನಿಖೆ ಮುಗಿಸಿದ ಪೊಲೀಸರು ‘ನಮಗೆ ಸಿಕ್ಕಿದ್ದು ಇದು, ಸಾಕ್ಷಿಗಳು ಇವರು’ ಅಂತ ಕೋರ್ಟಿಗೆ ಕೊಡುವ ವರದಿಯೇ ಚಾರ್ಜ್‌ಶೀಟ್. ಕನ್ನಡದಲ್ಲಿ ದೋಷಾರೋಪ ಪಟ್ಟಿ. ಅದು ಪೊಲೀಸರ ಮಾತು, ಕೋರ್ಟಿನ ಮಾತಲ್ಲ. ಕೋರ್ಟ್ ಅದನ್ನು ಓದಿ, ಎರಡೂ ಕಡೆ ಕೇಳಿ, ವಿಚಾರಣೆ ನಡೆಸುವಷ್ಟು ಹುರುಳಿದೆ ಅನ್ನಿಸಿದರೆ ತಾನೇ ಆರೋಪ ನಿಗದಿ ಮಾಡುತ್ತದೆ. ಕಾನೂನಿನ ಭಾಷೆಯಲ್ಲಿ ನಿಜವಾದ ಚಾರ್ಜ್ ಅಂದರೆ ಅದು. ಅಲ್ಲಿಂದಾಚೆಗೆ ವಿಚಾರಣೆ, ಸಾಕ್ಷಿ, ಪಾಟೀ ಸವಾಲು, ಕೊನೆಗೆ ತೀರ್ಪು.

ಹುರುಳಿಲ್ಲ ಅನ್ನಿಸಿದರೆ ವಿಚಾರಣೆಗೂ ಮೊದಲೇ ಬಿಟ್ಟುಬಿಡುತ್ತದೆ. ಅದಕ್ಕೆ ಡಿಸ್ಚಾರ್ಜ್ ಅನ್ನುತ್ತಾರೆ, ಹೊರೆ ಇಳಿಸಿದ ಹಾಗೆ. ಪೂರ್ತಿ ವಿಚಾರಣೆ ಆದಮೇಲೆ ಬಿಟ್ಟರೆ ಅದು ಖುಲಾಸೆ. ಪೇಪರಿನಲ್ಲಿ ಎರಡಕ್ಕೂ ‘ಆರೋಪಮುಕ್ತ’ ಅಂತ ಬರೆದುಬಿಡುತ್ತಾರೆ. ನನಗೆ ಹೊಟ್ಟೆ ಉರಿಯುತ್ತದೆ.

ಚಾರ್ಜ್‌ಶೀಟಿಗೆ ಗಡುವೂ ಇದೆ. ಆರೋಪಿ ಬಂಧನದಲ್ಲಿದ್ದರೆ 60 ದಿನ. ಮರಣದಂಡನೆ, ಜೀವಾವಧಿ, ಹತ್ತು ವರ್ಷ ಅಥವಾ ಅದಕ್ಕೂ ಮೇಲೆ ಶಿಕ್ಷೆ ಆಗಬಹುದಾದ ಪ್ರಕರಣಕ್ಕೆ 90 ದಿನ. ಅಷ್ಟರಲ್ಲಿ ಹಾಕದಿದ್ದರೆ ಜಾಮೀನು ಕೇಳುವುದು ಆರೋಪಿಯ ಹಕ್ಕಾಗುತ್ತದೆ.

ಹಳೆ ವಕೀಲರನ್ನು ಇನ್ನೂ ಗೊಂದಲಕ್ಕೆ ಬೀಳಿಸುವ ಸಂಗತಿ ಒಂದಿದೆ. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಚಾರ್ಜ್‌ಶೀಟಿನ ಕಲಂ 173. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ 173 ಅಂದರೆ ಎಫ್‌ಐಆರ್, ಚಾರ್ಜ್‌ಶೀಟ್ 193ಕ್ಕೆ ಹೋಗಿದೆ. ಹಳೆ ಕಾಗದ ಅನುವಾದ ಮಾಡುವಾಗ ಇಸವಿ ನೋಡದೆ ಕಲಂ ಮುಟ್ಟಬೇಡಿ.

ನಮ್ಮ ಜಮೀನಿನ ಮೇಲೆ ಬ್ಯಾಂಕ್ ‘ಚಾರ್ಜ್’ ಇದೆ ಅಂದರು. ನಾವು ಏನು ತಪ್ಪು ಮಾಡಿದ್ದೇವೆ?

ತಪ್ಪೇನೂ ಇಲ್ಲ, ಗಾಬರಿ ಬೇಡ. ಇಲ್ಲಿ ಹೊರೆ ಹೊತ್ತಿರುವುದು ಮನುಷ್ಯ ಅಲ್ಲ, ಆಸ್ತಿ. ಬೆಳೆ ಸಾಲ ತಗೊಂಡಾಗ ಆ ಸಾಲಕ್ಕೆ ಈ ಜಮೀನು ಬಾಧ್ಯ ಅಂತ ಪಹಣಿಯಲ್ಲಿ ನಮೂದಾಗುತ್ತದೆ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 100ನೇ ಕಲಮಿನಲ್ಲಿ ಚಾರ್ಜ್ ಅಂದರೇನು ಅಂತ ಹೇಳಿದೆ. ಅಡಮಾನಕ್ಕಿಂತ ಇದು ಬೇರೆ: ಆಸ್ತಿಯಲ್ಲಿನ ಹಕ್ಕು ಸಾಲ ಕೊಟ್ಟವರಿಗೆ ವರ್ಗ ಆಗುವುದಿಲ್ಲ, ಸಾಲ ತೀರದಿದ್ದರೆ ಆ ಆಸ್ತಿಯಿಂದ ವಸೂಲಿ ಮಾಡುವ ದಾರಿ ಮಾತ್ರ ಇರುತ್ತದೆ.

ಸಾಲ ತೀರಿಸಿದಮೇಲೆ ಮರೆಯದೆ ಆ ನಮೂದು ತೆಗೆಸಿ. ತೀರಿದ ಸಾಲದ ನಮೂದು ಹತ್ತು ವರ್ಷ ಹಾಗೇ ಉಳಿದು, ಮಾರುವ ದಿನ ತಲೆನೋವಾದ ಉದಾಹರಣೆ ನಮ್ಮ ಮನೆಯಲ್ಲೇ ಇದೆ. ಉಪನೋಂದಣಾಧಿಕಾರಿ ಕಚೇರಿಯಲ್ಲಿ ಸಿಗುವ ‘ಇಸಿ’ಗೆ ಕನ್ನಡದಲ್ಲಿ ಋಣಭಾರ ಪ್ರಮಾಣಪತ್ರ ಅನ್ನುತ್ತಾರೆ. ಇಲ್ಲೂ ಭಾರ!

ಲಾಠಿ ಚಾರ್ಜಿಗೂ ಹೊರೆಗೂ ಏನು ಸಂಬಂಧ? ಇದು ಎಳೆದು ತಂದ ಹಾಗಿದೆ.

ಸಂಬಂಧ ಇದೆ, ಆದರೆ ಸ್ವಲ್ಪ ಸುತ್ತು ದಾರಿ. ಆಯುಧವನ್ನು ಸಜ್ಜು ಮಾಡಿ ಎದುರಾಳಿಯತ್ತ ಗುರಿ ಹಿಡಿಯುವುದಕ್ಕೂ ಚಾರ್ಜ್ ಅನ್ನುತ್ತಿದ್ದರು. ಹಾಗೆ ಈಟಿ ಹಿಡಿದು ಕುದುರೆ ಓಡಿಸಿಕೊಂಡು ನುಗ್ಗುವುದೇ ಕೊನೆಗೆ ಚಾರ್ಜ್ ಆಯಿತು. ಯುದ್ಧದ ಕುದುರೆಗೇ ಚಾರ್ಜರ್ ಅನ್ನುವ ಹೆಸರು ಬಂತು. ನಿಮ್ಮ ಚೀಲದಲ್ಲಿರುವ ಬಿಳಿ ಚಾರ್ಜರಿನ ಹೆಸರನ್ನೇ ಮೊದಲು ಇಟ್ಟುಕೊಂಡಿದ್ದದ್ದು ಅದು.

ಈ ಅರ್ಥಕ್ಕೆ ನಮ್ಮದೇ ಉದಾಹರಣೆ ಬೇಕಾದರೆ 1918ರ ಸೆಪ್ಟೆಂಬರ್ 23 ನೋಡಿ. ಈಗಿನ ಇಸ್ರೇಲಿನ ಹೈಫಾ ಊರು. ಮಷೀನ್ ಗನ್ ಹಿಡಿದು ಕೂತಿದ್ದ ತುರ್ಕರ ಮತ್ತು ಅವರ ಮಿತ್ರರ ಸೇನೆಯ ಮೇಲೆ ಮೈಸೂರು ಲ್ಯಾನ್ಸರ್ಸ್ ಮತ್ತು ಜೋಧಪುರ ಲ್ಯಾನ್ಸರ್ಸ್ ಕುದುರೆಯ ಮೇಲೆ ಈಟಿ ಕತ್ತಿ ಹಿಡಿದು ನುಗ್ಗಿದರು. ಮೈಸೂರಿನವರ ಪಾಲಿಗೆ ಬಂದದ್ದು ಕಾರ್ಮೆಲ್ ಬೆಟ್ಟದ ಫಿರಂಗಿಗಳು. ಊರು ಅವತ್ತೇ ಕೈಗೆ ಬಂತು. ದೆಹಲಿಯ ತೀನ್ ಮೂರ್ತಿ ವೃತ್ತದ ಮೂರು ಪ್ರತಿಮೆಗಳು ಮೈಸೂರು, ಜೋಧಪುರ, ಹೈದರಾಬಾದಿನ ಸೈನಿಕರವು. ಬೆಂಗಳೂರಿನ ಜೆ.ಸಿ. ನಗರದಲ್ಲೂ ಮೈಸೂರು ಲ್ಯಾನ್ಸರ್ಸ್ ಸ್ಮಾರಕ ಇದೆ.

ಕುದುರೆ ಹೋಗಿ, ಈಟಿ ಹೋಗಿ, ಲಾಠಿ ಉಳಿಯಿತು. ಕನ್ನಡದಲ್ಲಿ ‘ಲಾಠಿ ಪ್ರಹಾರ’ ಅಂತ ಬರೆಯುತ್ತಾರೆ. ನನಗೆ ‘ಲಾಠಿ ಬೀಸಿದರು’ ಸಾಕು.

## ಕರೆಂಟು, ಗ್ಯಾಸು, ನೀರು

ವಿದ್ಯುತ್ತಿಗೆ ಚಾರ್ಜ್ ಅನ್ನುವ ಹೆಸರು ಯಾರು ಇಟ್ಟರು? ಅಲ್ಲಿ ಏನು ಹೊರೆ?

ಬಂದೂಕಿನಿಂದ ಬಂದದ್ದು. 1745-46ರಲ್ಲಿ ಲೇಡನ್ ಜಾಡಿ ಅನ್ನುವ ಗಾಜಿನ ಜಾಡಿ ಬಂತು. ಅದರಲ್ಲಿ ವಿದ್ಯುತ್ತನ್ನು ತುಂಬಿಡಬಹುದಿತ್ತು, ಮುಟ್ಟಿದರೆ ‘ಢಂ’ ಅಂತ ಹೊಡೆಯುತ್ತಿತ್ತು. ಮದ್ದು ತುಂಬಿದ ಬಂದೂಕಿನ ಹಾಗೇ ಅಲ್ವಾ? ತುಂಬುವುದು ಚಾರ್ಜ್, ಹಾರಿಸುವುದು ಡಿಸ್ಚಾರ್ಜ್. ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್ ಇಂಥ ಜಾಡಿಗಳನ್ನು ಸಾಲಾಗಿ ಜೋಡಿಸಿ ಅದಕ್ಕೆ ‘ಬ್ಯಾಟರಿ’ ಅಂದ. ಅದೂ ಫಿರಂಗಿ ಸಾಲಿಗೆ ಸೈನ್ಯದವರು ಹೇಳುವ ಹೆಸರು. ನಾವು ದಿನಾ ಆಡುವ ಬ್ಯಾಟರಿ ಚಾರ್ಜ್ ಅನ್ನುವ ಮಾತು ಪೂರ್ತಿ ರಣರಂಗದ್ದು.

ಪಾಸಿಟಿವ್, ನೆಗೆಟಿವ್ ಅನ್ನುವುದೂ ಫ್ರಾಂಕ್ಲಿನ್ 1747ರಲ್ಲಿ ಬಳಕೆಗೆ ತಂದದ್ದು. ವಿದ್ಯುತ್ತು ಒಂಥರಾ ದ್ರವ, ಜಾಸ್ತಿ ಇದ್ದರೆ ಪ್ಲಸ್, ಕೊರತೆ ಇದ್ದರೆ ಮೈನಸ್ ಅಂತ ಅವನ ಲೆಕ್ಕ. ಯಾವ ಕಡೆ ಜಾಸ್ತಿ ಅನ್ನುವ ಊಹೆ ಮಾತ್ರ ಉಲ್ಟಾ ಆಯಿತು. ತಂತಿಯಲ್ಲಿ ಓಡಾಡುವ ಎಲೆಕ್ಟ್ರಾನ್ ಮೈನಸ್ ಕಡೆಯದು ಅಂತ ಗೊತ್ತಾಗುವಷ್ಟರಲ್ಲಿ ನೂರೈವತ್ತು ವರ್ಷ ಕಳೆದಿತ್ತು, ಹೆಸರು ಗಟ್ಟಿಯಾಗಿತ್ತು. ಅದಕ್ಕೇ ಇವತ್ತಿಗೂ ಪಠ್ಯದಲ್ಲಿ ಕರೆಂಟಿನ ಬಾಣ ಒಂದು ದಿಕ್ಕಿಗೆ, ಎಲೆಕ್ಟ್ರಾನ್ ಇನ್ನೊಂದು ದಿಕ್ಕಿಗೆ.

ಪಠ್ಯಪುಸ್ತಕದಲ್ಲಿ ಚಾರ್ಜಿಗೆ ‘ಆವೇಶ’ ಅಂತ ಇದೆ. ಮೈಮೇಲೆ ದೇವರು ಬರೋದಕ್ಕೂ ಆವೇಶ ಅಂತೀವಿ. ಇದೇನು ತಮಾಷೆ?

ಈ ಪ್ರಶ್ನೆ ಕೇಳಿದ ಒಂಬತ್ತನೇ ತರಗತಿ ಹುಡುಗಿಗೆ ನಾನು ಋಣಿ. ಅಲ್ಲಿಯವರೆಗೆ ನಾನೂ ಯೋಚಿಸಿರಲಿಲ್ಲ.

ಆವೇಶ ಅಂದರೆ ಮೂಲದಲ್ಲಿ ‘ಒಳಗೆ ಹೊಗುವುದು’. ಪ್ರವೇಶದ ಅಣ್ಣತಮ್ಮ. ದೇವರು ಮೈಯೊಳಗೆ ಹೊಕ್ಕರೆ ಆವೇಶ, ಸಿಟ್ಟು ಹೊಕ್ಕರೂ ಆವೇಶ, ವಿದ್ಯುತ್ತು ಹೊಕ್ಕರೆ ವಿದ್ಯುದಾವೇಶ. ಚಾರ್ಜಿನ ಕನ್ನಡ ರೂಪಗಳಲ್ಲಿ ಹೊರೆಯ ದಾರಿ ಬಿಟ್ಟು ಬೇರೆ ದಾರಿ ಹಿಡಿದವುಗಳಲ್ಲಿ ಇದೂ ಒಂದು. ಇಂಗ್ಲಿಷಿನವನಿಗೆ ವಿದ್ಯುತ್ತು ಬಂದೂಕಿಗೆ ತುಂಬಿದ ಮದ್ದಿನ ಹಾಗೆ ಕಂಡಿತು, ಕನ್ನಡದ ಪದಕ್ಕೆ ಮೈದುಂಬಿದ ಹಾಗೆ. ಒಣಗಿದ ತಲೆಗೂದಲು ಬಾಚಿದ ಬಾಚಣಿಗೆಯನ್ನು ಕಾಗದದ ಚೂರಿನ ಹತ್ತಿರ ಹಿಡಿಯಿರಿ. ಚೂರುಗಳು ಎದ್ದು ನಿಂತು, ನಡುಗಿ, ನೆಗೆದು ಅಂಟಿಕೊಳ್ಳುತ್ತವೆ. ಒಂದೆರಡು ಅಂಟಿದ ಮರುಕ್ಷಣ ಒದ್ದ ಹಾಗೆ ದೂರ ಹಾರುತ್ತವೆ. ಆ ನಡುಗು ನೋಡಿದರೆ ಆವೇಶ ಅನ್ನುವ ಪದವೇ ಸರಿ ಅನ್ನಿಸುತ್ತದೆ.

ಒಂದು ಎಚ್ಚರ: ‘ಆವೇಶಭರಿತ ಕಣ’ ಅಂತ ಬರೆದರೆ ಓದುವವರಿಗೆ ಭಾಷಣ ಮಾಡುವ ಕಣ ನೆನಪಾಗಬಹುದು. ‘ಆವೇಶ ಹೊಂದಿದ ಕಣ’ ಅನ್ನಿ. ಹಳೆಯ ಪುಸ್ತಕಗಳಲ್ಲಿ ವಿದ್ಯುದಂಶ ಅನ್ನುವ ಪದವೂ ಇದೆ, ತಪ್ಪಲ್ಲ.

ಫುಲ್ ಚಾರ್ಜ್ ಆದ ಫೋನ್ ತೂಕ ಜಾಸ್ತಿ ಆಗುತ್ತಾ? ಒಳಗೆ ಚಾರ್ಜ್ ತುಂಬಿರುತ್ತಲ್ಲ.

ಒಳಗೆ ಚಾರ್ಜ್ ತುಂಬಿರುವುದಿಲ್ಲ! ಎಲ್ಲರೂ ಎಡವುವುದು ಇಲ್ಲೇ. ಫುಲ್ ಆದ ಬ್ಯಾಟರಿಯಲ್ಲೂ ಖಾಲಿ ಬ್ಯಾಟರಿಯಲ್ಲೂ ಪ್ಲಸ್ಸು ಮೈನಸ್ಸು ಸಮ ಸಮ, ಒಟ್ಟು ಆವೇಶ ಸೊನ್ನೆ. ಆಗುವುದು ಜಾಗ ಬದಲಾವಣೆ ಅಷ್ಟೇ. ಚಾರ್ಜ್ ಹಾಕಿದಾಗ ಲಿಥಿಯಂ ಅಯಾನುಗಳು ಬ್ಯಾಟರಿಯ ಒಂದು ಬದಿಯಿಂದ ಇನ್ನೊಂದು ಬದಿಗೆ ಹೋಗಿ ಕೂರುತ್ತವೆ. ಬಳಸುವಾಗ ವಾಪಸ್ ಬರುತ್ತವೆ. ನೀರನ್ನು ಮೇಲಿನ ಟ್ಯಾಂಕಿಗೆ ಏರಿಸಿದ ಹಾಗೆ. ಮನೆಯಲ್ಲಿರುವ ನೀರು ಅಷ್ಟೇ, ಆದರೆ ಈಗ ಅದಕ್ಕೆ ಕೆಲಸ ಮಾಡುವ ಶಕ್ತಿ ಇದೆ.

ಆದರೂ ಎಷ್ಟು ಆವೇಶ ಆಚೀಚೆ ಓಡಾಡುತ್ತದೆ ಅನ್ನುವುದಕ್ಕೆ ಲೆಕ್ಕ ಇದೆ. 5000 ಎಂಎಎಚ್ ಅಂತ ಡಬ್ಬದ ಮೇಲೆ ಬರೆದಿರುತ್ತಾರಲ್ಲ, ಅದು ನಿಜಕ್ಕೂ ಆವೇಶದ ಅಳತೆ: 18,000 ಕೂಲಂಬ್. ಒಂದು ಕೂಲಂಬಿಗೇ ಸುಮಾರು 62,400 ಕೋಟಿ ಕೋಟಿ ಎಲೆಕ್ಟ್ರಾನ್ ಬೇಕು. ಖರ್ಚು? ನಷ್ಟ ಎಲ್ಲ ಸೇರಿಸಿದರೂ ಒಂದು ಯೂನಿಟ್ಟಿಗೆ ಸುಮಾರು ನಲವತ್ತು ಸಲ ಫುಲ್ ಮಾಡಬಹುದು. ಯೂನಿಟ್ಟಿಗೆ 6 ರೂಪಾಯಿ ಅಂತ ಹಿಡಿದರೆ ಸಲಕ್ಕೆ 15 ಪೈಸೆ.

ತೂಕದ ಮಾತು: ಐನ್‌ಸ್ಟೈನ್ ಸೂತ್ರದ ಪ್ರಕಾರ ಶಕ್ತಿ ಸೇರಿದರೆ ತೂಕ ಏರಲೇಬೇಕು. ಏರುತ್ತದೆ, ಒಂದು ಗ್ರಾಮಿನ ನೂರು ಕೋಟಿಯಲ್ಲಿ ಒಂದು ಪಾಲಿಗಿಂತಲೂ ಕಡಿಮೆ. ಪರದೆ ಮೇಲಿನ ಬೆರಳಚ್ಚು ಅದಕ್ಕಿಂತ ಭಾರ.

ಪ್ರತಿ ಬೇಸಿಗೆಯಲ್ಲಿ ಎಸಿಗೆ ಗ್ಯಾಸ್ ಚಾರ್ಜ್ ಮಾಡಿಸಬೇಕಾ?

ಬೇಡ. ಎಸಿ, ಫ್ರಿಜ್ಜಿನ ಗ್ಯಾಸು ಪೆಟ್ರೋಲಿನ ಹಾಗೆ ಖರ್ಚಾಗುವುದಿಲ್ಲ, ಮುಚ್ಚಿದ ಕೊಳವೆಯಲ್ಲಿ ಸುತ್ತುತ್ತಿರುತ್ತದೆ. ಕಡಿಮೆಯಾಗಿದ್ದರೆ ಎಲ್ಲೋ ಸೋರುತ್ತಿದೆ ಅಂತ ಅರ್ಥ. ಸೋರಿಕೆ ಮುಚ್ಚದೆ ಗ್ಯಾಸ್ ತುಂಬಿದರೆ ಮುಂದಿನ ವರ್ಷ ಮತ್ತೆ ಬರಬೇಕು. ನಾನು ಮೂರು ಬೇಸಿಗೆ ಹಾಗೆ ದುಡ್ಡು ಕೊಟ್ಟೆ. ನಾಲ್ಕನೇ ಸಲ ಬಂದ ಬೇರೆ ಮೆಕ್ಯಾನಿಕ್ ಸೋಪಿನ ನೊರೆ ಹಚ್ಚಿ, ಗುಳ್ಳೆ ಎಲ್ಲಿ ಏಳುತ್ತದೆ ಅಂತ ಐದೇ ನಿಮಿಷದಲ್ಲಿ ತೋರಿಸಿದ.

ಆಸ್ಪತ್ರೆಯಲ್ಲೂ ಡಿಸ್ಚಾರ್ಜ್, ಡ್ಯಾಮಿನಲ್ಲೂ ಡಿಸ್ಚಾರ್ಜ್. ರೀಚಾರ್ಜ್ ಅಂತೂ ಫೋನಿಗೂ ಬೋರ್‌ವೆಲ್ಲಿಗೂ!

ಹೊರೆ ಇಳಿಸುವುದು ಡಿಸ್ಚಾರ್ಜ್, ಮತ್ತೆ ಹೇರುವುದು ರೀಚಾರ್ಜ್. ಆಸ್ಪತ್ರೆ ತನ್ನ ಹೊಣೆಯಿಂದ ನಿಮ್ಮನ್ನು ಬಿಡುತ್ತದೆ, ಬಿಡುಗಡೆ. ಗಾಯದಿಂದ ಬಂದರೆ ಕೀವು ಅಥವಾ ಸ್ರಾವ. ಡ್ಯಾಮಿನಿಂದ ಬಂದರೆ ಹೊರಹರಿವು. ಕೆಆರ್‌ಎಸ್‌ನಿಂದ 10,000 ಕ್ಯೂಸೆಕ್ ಬಿಟ್ಟರು ಅಂದರೆ ಸೆಕೆಂಡಿಗೆ ಸುಮಾರು 2.83 ಲಕ್ಷ ಲೀಟರ್ ಅಂತ ಲೆಕ್ಕ. ಬೋರ್‌ವೆಲ್ ರೀಚಾರ್ಜಿಗೆ ‘ಮರುಪೂರಣ’ ಅನ್ನುವ ಒಳ್ಳೆಯ ಪದ ಆಗಲೇ ಬಳಕೆಯಲ್ಲಿದೆ. ಫೋನಿನ ರೀಚಾರ್ಜ್ ರೀಚಾರ್ಜೇ ಇರಲಿ ಬಿಡಿ.

## ಇನ್ನೂ ಒಳಗೆ ಇಳಿಯುವವರಿಗೆ

ಭೌತಶಾಸ್ತ್ರದಲ್ಲಿ ‘ಕಲರ್ ಚಾರ್ಜ್’ ಅಂತ ಓದಿದೆ. ಕಣಗಳಿಗೆ ಬಣ್ಣ ಇರುತ್ತಾ?

ಇರುವುದಿಲ್ಲ. ಪ್ರೋಟಾನಿನ ಒಳಗೆ ಕ್ವಾರ್ಕ್ ಅನ್ನುವ ಇನ್ನೂ ಚಿಕ್ಕ ಕಣಗಳಿವೆ. ಅವುಗಳಿಗೆ ವಿದ್ಯುದಾವೇಶ ಇದೆ: ಎರಡಕ್ಕೆ ತಲಾ ಮೂರನೇ ಎರಡು, ಒಂದಕ್ಕೆ ಮೈನಸ್ ಮೂರನೇ ಒಂದು, ಕೂಡಿದರೆ ಸರಿಯಾಗಿ ಒಂದು. ಅದಲ್ಲದೆ ಅವನ್ನು ಒಟ್ಟಿಗೆ ಬಿಗಿದಿಡುವ ಬಲಕ್ಕೆ ಸಂಬಂಧಿಸಿದ ಇನ್ನೊಂದು ಗುಣ ಇದೆ. ಅದು ಪ್ಲಸ್ ಮೈನಸ್ ಅಂತ ಎರಡು ಬಗೆ ಅಲ್ಲ, ಮೂರು ಬಗೆ. ಕೆಂಪು, ಹಸಿರು, ನೀಲಿ ಬೆಳಕು ಸೇರಿದರೆ ಬಿಳಿ ಆಗುವ ಹಾಗೆ ಆ ಮೂರೂ ಸೇರಿದರೆ ತಟಸ್ಥ. ಅದಕ್ಕೇ ಬಣ್ಣದ ಹೆಸರು ಇಟ್ಟರು. ಕಣ್ಣಿಗೆ ಕಾಣುವ ಬಣ್ಣಕ್ಕೂ ಇದಕ್ಕೂ ಸಂಬಂಧವಿಲ್ಲ. ಕನ್ನಡದಲ್ಲಿ ‘ವರ್ಣಾವೇಶ’ ಅಂದರೆ ಹೇಗೆ? ನನಗಂತೂ ಯಕ್ಷಗಾನದ ವೇಷ ನೆನಪಾಗುತ್ತದೆ.

ಯಾರಿಗೂ ಗೊತ್ತಿಲ್ಲದ ಅರ್ಥ ಒಂದಾದರೂ ಹೇಳಿ.

ಕರ್ನಾಟಕ ಸರ್ಕಾರದ ಲಾಂಛನ ನೋಡಿ. ಮಧ್ಯದ ಕೆಂಪು ಗುರಾಣಿಯ ಮೇಲೆ ಎರಡು ತಲೆಯ ಗಂಡಭೇರುಂಡ ಇದೆಯಲ್ಲ, ಯುರೋಪಿನ ಲಾಂಛನಶಾಸ್ತ್ರದ ಪರಿಭಾಷೆಯಲ್ಲಿ ಅದು ಒಂದು ಚಾರ್ಜ್. ಗುರಾಣಿ ಹೊತ್ತ ಚಿತ್ರಕ್ಕೆಲ್ಲ ಅದೇ ಹೆಸರು.

ಇನ್ನೊಂದು, ಮೂಲ ಅರ್ಥಕ್ಕೆ ತೀರಾ ಹತ್ತಿರದ್ದು: ಕುಲುಮೆಗೆ ಸುರಿಯುವ ಸರಕು. 1923ರಲ್ಲಿ ಭದ್ರಾವತಿಯ ಕಾರ್ಖಾನೆ ಕಬ್ಬಿಣ ತೆಗೆಯಲು ಶುರು ಮಾಡಿದಾಗ ಕುಲುಮೆಗೆ ಹೋಗುತ್ತಿದ್ದದ್ದು ಕೆಮ್ಮಣ್ಣುಗುಂಡಿಯ ಅದಿರು, ಮಲೆನಾಡಿನ ಕಾಡಿನ ಇದ್ದಿಲು, ಸುಣ್ಣಕಲ್ಲು. ಆ ಒಟ್ಟು ಸರಕೇ ಚಾರ್ಜ್. ಗಾಡಿಯ ಬದಲು ಕುಲುಮೆ, ಅಷ್ಟೇ ವ್ಯತ್ಯಾಸ.

ಅನುವಾದ ಮಾಡುವಾಗ ಯಾವ ಅರ್ಥ ಅಂತ ಗುರುತಿಸೋದು ಹೇಗೆ?

ಅಕ್ಕಪಕ್ಕದ ಪದ ನೋಡಿ. ಹಿಂದೆ ‘ಇನ್’ ಇದ್ದರೆ ಹೊಣೆ. ಮುಂದೆ ‘ವಿತ್’ ಬಂದು ಅಪರಾಧದ ಹೆಸರಿದ್ದರೆ ಆರೋಪ. ‘ಫಾರ್’ ಬಂದರೆ ಹೆಚ್ಚಾಗಿ ದುಡ್ಡು. ‘ಅಟ್’ ಬಂದರೆ ಯಾರೋ ಯಾರ ಮೇಲೋ ನುಗ್ಗುತ್ತಿದ್ದಾರೆ, ಅದು ಆನೆಯೂ ಇರಬಹುದು. ಆಸ್ತಿಯ ಕಾಗದದಲ್ಲಿ ‘ಆನ್’ ಬಂದರೆ ಋಣಭಾರ.

ಅಕ್ಕಪಕ್ಕ ಏನೂ ಇಲ್ಲದಿದ್ದರೆ? ಗೋದಾಮೊಂದರ ರಿಜಿಸ್ಟರ್ ಅನುವಾದಕ್ಕೆ ಬಂದಿತ್ತು. ಸಾಮಾನು ಎತ್ತುವ ಬ್ಯಾಟರಿ ಗಾಡಿಯದ್ದು. ಪ್ರತಿ ದಿನದ ಎದುರಿಗೂ ‘ಚಾರ್ಜ್ ಟೇಕನ್, 8.15’ ಅಂತ ಬರೆದು ಸಹಿ ಹಾಕಿದ್ದರು. ಬ್ಯಾಟರಿ ಗಾಡಿ ಅಲ್ವಾ, ‘ಬೆಳಿಗ್ಗೆ 8.15ಕ್ಕೆ ಚಾರ್ಜ್ ಮಾಡಲಾಗಿದೆ’ ಅಂತ ನಲವತ್ತು ಪುಟ ಬರೆದೆ. ಆಮೇಲೆ ಯಾಕೋ ಅನುಮಾನ ಬಂದು ಫೋನ್ ಮಾಡಿ ಕೇಳಿದೆ. ‘ಇಲ್ಲ ಸಾರ್, ರಾತ್ರಿ ಪಾಳಿಯವರಿಂದ ನಾನು ಗಾಡಿ ತಗೊಂಡ ಟೈಮು ಅದು. ಚಾರ್ಜ್ ಹಾಕೋದಕ್ಕೆ ಬೇರೆ ಬುಕ್ಕಿದೆ’ ಅಂದರು. ನಲವತ್ತು ಪುಟ ತಿದ್ದಲು ಎರಡು ದಿನ ಹಿಡಿಯಿತು. ಅದಕ್ಕೆ ನಾನು ಚಾರ್ಜ್ ಮಾಡಲಿಲ್ಲ.